ಚಿಟಕವ್ವನ ಇಂಗ್ಲಿಷು

ಶಾಲೆಯ ಕರಿಹಲಗೆಯ ಕೆಳಗಿನ ಬಿಲದಲ್ಲಿ ಚಿಟಕವ್ವ ಎಂಬ ಇಲಿ ಇತ್ತು. ವರ್ಷವಿಡೀ ಇಂಗ್ಲಿಷ್ ಪಾಠ ಕೇಳಿ ಕೇಳಿ ಅದಕ್ಕೆ ಕೊಂಚ ಜಂಬ ಬಂದಿತ್ತು. ಒಂದು ಭಾನುವಾರ ಅದು ಬಿಲದ ಬಾಯಲ್ಲಿ ಕೂತು ಚಪಾತಿ ಚೂರು ತಿನ್ನುತ್ತಿದ್ದಾಗ ಬಾಗಿಲಲ್ಲಿ ಬೆಕ್ಕು ಕಾಣಿಸಿತು.

"ಹೆದರಬೇಡಿ ಚಿಟಕವ್ವ, ನಾನು ಬರುವುದು ‘ಟು’ ಅಲ್ಲ, ಬರೀ ‘ಟುವರ್ಡ್ಸ್’," ಎಂದಿತು ಬೆಕ್ಕು.

ಚಿಟಕವ್ವನಿಗೆ ಖುಷಿಯಾಯಿತು. ‘ಟು’ ಅಂದರೆ ಬಂದು ಮುಟ್ಟುವುದು. ‘ಟುವರ್ಡ್ಸ್’ ಅಂದರೆ ಸುಮ್ಮನೆ ಆ ಕಡೆಗೆ ನಡೆಯುವುದು. ಇಷ್ಟು ಸೂಕ್ಷ್ಮ ಬಲ್ಲ ಬೆಕ್ಕು ಮೋಸ ಮಾಡೀತೇ? ಅದು ನಿಶ್ಚಿಂತೆಯಿಂದ ಚಪಾತಿ ಕಡಿಯಿತು.

ಬೆಕ್ಕು ಗೇಣು ದೂರಕ್ಕೆ ಬಂತು.

"ಇನ್ನೊಂದು ಹೆಜ್ಜೆ ಇಟ್ಟರೆ ‘ಟು’ ಆಗಿಬಿಡುತ್ತದಲ್ಲ ಸ್ವಾಮಿ?" ಎಂದಿತು ಇಲಿ, ಮಾಸ್ತರರ ದನಿಯಲ್ಲಿ.

"ಹಾಗಾದರೆ ‘ಟು’ ಬೇಡ. ನೇರವಾಗಿ ನನ್ನ ಹೊಟ್ಟೆಗೆ ‘ಇನ್‌ಟು’ ಆಗಿಬಿಡಿ," ಎನ್ನುತ್ತ ಬೆಕ್ಕು ನೆಗೆಯಿತು.

ಚಿಟಕವ್ವ ಬಿಲಕ್ಕೆ ಧುಮುಕಿತು. ಬಾಲದ ತುದಿ ಮಾತ್ರ ಬೆಕ್ಕಿನ ಉಗುರಲ್ಲೇ ಉಳಿಯಿತು.

"ಈಗ ಬಿಲಕ್ಕೆ ಹೋದಿರಲ್ಲ, ಅದು ‘ಟು’ವೋ ‘ಇನ್‌ಟು’ವೋ?" ಬೆಕ್ಕು ಹೊರಗಿನಿಂದ ಕೆಣಕಿತು.

"‘ಇನ್‌ಟು’ ಸ್ವಾಮಿ, ಪೂರ್ತಿ ಒಳಗೆ!" ಚಿಟಕವ್ವ ಏದುಸಿರು ಬಿಡುತ್ತ ಹೇಳಿತು. "ಇನ್ನು ಮೇಲೆ ಮಾತ್ರ ಮೊದಲು ಓಟ, ಆಮೇಲೆ ವ್ಯಾಕರಣ."