ಹೊಯ್ಗೆಯಡಿಯ ಬಸವಣ್ಣ

ಪೂಜ್ಯ ಶಂಕರಾಂಬೆಯವರು ಆಗ ಕಡಲದಂಡೆಯಲ್ಲಿ, ಕೇದಗೆ ಪೊದೆಯ ಮಗ್ಗುಲಿನ ತೆಂಗಿನ ಮಡಲಿನ ಗುಡಿಸಿಲಲ್ಲಿ ವಾಸವಾಗಿದ್ದರು. ಮೀನುಗಾರರ ಹರಿದ ಬಲೆ ಹೆಣೆದುಕೊಡುವುದೇ ಆ ಮಹಾತಾಯಿಯವರ ಜಪ. ಒಂದು ವೈಶಾಖದ ಬೆಳಿಗ್ಗೆ ಘಟ್ಟದ ಮೇಲಿನ ಕಲ್ಲುಕುಟಿಗ ಮೌನೇಶಪ್ಪ ಕೆಂಡಾಮಂಡಲವಾಗಿ ಅವರೆದುರು ಬಂದು ನಿಂತನು.

ಹಿಂದಿನ ಮಳೆಗಾಲದಲ್ಲಿ, ಕಲ್ಲುಗಣಿಗೆ ನೀರು ತುಂಬಿ ಕೆಲಸವಿಲ್ಲದಿದ್ದಾಗ, ಅವನು ಇಲ್ಲಿಗೆ ಬಂದಿದ್ದನು. ಮಗಳ ಕಾಯಿಲೆ ವಾಸಿಯಾದ ಹರಕೆಗೆ ದಂಡೆಯ ಕರಿಬಂಡೆಯಲ್ಲಿ ಬಸವಣ್ಣನನ್ನು ಕಡೆದಿದ್ದನು. ಎರಡು ತಿಂಗಳು ಅವನಿಗೆ ಗಂಜಿ ಹಾಕಿದವನು ದೋಣಿಯ ಯಜಮಾನ ದುರ್ಗಯ್ಯ. ಈಗ ಕಾಯಿ ಕರ್ಪೂರ ಹಿಡಿದು ಪೂಜೆಗೆ ಬಂದರೆ ಬಂಡೆಯೇ ಇಲ್ಲ! ಕಣ್ಣು ಕುಕ್ಕುವ ಬಿಳಿ ಮರಳು, ಅಷ್ಟೇ.

“ಹೊಯ್ಗೆಯ ಅಡಿಯಲ್ಲಿ ಉಂಟು ಮಾರಾಯ, ಬೇಸಗೆಯಲ್ಲಿ ಮರಳು ಹೀಗೇ ಏರಿ ಮುಚ್ಚುತ್ತದೆ,” ಎಂದು ಹಿಂದೆಯೇ ಓಡಿಬಂದ ದುರ್ಗಯ್ಯ ಅಂಗಲಾಚಿದರೆ ಕೇಳುವವರಾರು? ತೋಡಿ ತೋರಿಸಲು ಹೋದರೆ ಗುಂಡಿಯೇ ಕುಸಿದು ನೀರು ತುಂಬಿತು.

“ಆಳೆತ್ತರದ ಕಲ್ಲು ಉಸುಕು ನುಂಗತೈತೇನ್ರೀ ಅವ್ವಾ? ಇವನಾ ಒಡದು ಮನಿ ಪಾಯಕ್ಕ ಹಾಕ್ಯಾನ. ಗುಡ್ಯಾಗ ಆಣಿ ಹಾಕತೀನಿ!” ಎಂದನು ಮೌನೇಶಪ್ಪ.

ದೇವರ ಮುಂದೆ ಆರೋಪ ಬಿದ್ದವನ ದೋಣಿಯನ್ನು ಆ ಊರಿನಲ್ಲಿ ಯಾರೂ ಹತ್ತುತ್ತಿರಲಿಲ್ಲ. ಆಣೆಯ ಮಾತು ಕೇಳಿದ್ದೇ ದುರ್ಗಯ್ಯನ ಆಳುಗಳು ಹಿಂದೆ ಸರಿದರು.

ಅಮ್ಮನವರು ಬಲೆಯಿಂದ ತಲೆಯೆತ್ತಲಿಲ್ಲ. “ಮಳೆ ಬರಲಿ ಮಗಾ. ಆಣೆ ಆಮೇಲೆ ಹಾಕು,” ಎಂದಷ್ಟೇ ಹೇಳಿದರು.

ಆ ಮಾತು ಮೀರಲಾಗದೆ ಮೌನೇಶಪ್ಪ ಉಳಿದನು. ದಂಡೆಯನ್ನು ಕಾಯುವುದೇ ಅವನ ಕಸುಬಾಯಿತು. ಬೆಳಿಗ್ಗೆ ಬೂದಿಬಣ್ಣ, ಮಧ್ಯಾಹ್ನ ಸುಣ್ಣದ ಬಿಳುಪು, ಸಂಜೆಗೆ ಕುಂಕುಮ ಚೆಲ್ಲಿದ ಹಾಗೆ ಕೆಂಪು. ಒಂದೇ ದಂಡೆಗೆ ಎಷ್ಟು ಮುಖಗಳಪ್ಪಾ ಎಂದು ಸಿಟ್ಟಿನ ನಡುವೆಯೂ ಅವನಿಗೆ ಸೋಜಿಗ. ಆಮೇಲೆ ಮೋಡ ಕವಿಯಿತು, ಕಡಲು ರಾಡಿಯಾಗಿ ಮೊರೆಯಿತು. ಏನು ಅಬ್ಬರ ಅದು! ಒಂದೊಂದು ಅಲೆಯೂ ಮರಳನ್ನು ಬಾಚಿಕೊಂಡು ಓಡುತ್ತಿತ್ತು. ಆಷಾಢದ ಒಂದು ಮಧ್ಯಾಹ್ನ, ನೀರು ಇಳಿದ ಹೊತ್ತಿನಲ್ಲಿ, ಮೌನೇಶಪ್ಪ ಹುಚ್ಚನಂತೆ ಕೂಗಿಕೊಂಡನು:

“ಕೊಂಬು! ನನ್ನ ಬಸವಣ್ಣನ ಕೊಂಬು!”

ಊರಿಗೆ ಊರೇ ಓಡಿಬಂತು. ಕೊಂಬು, ಹಣೆ, ಹಿಣಿಲು ಎಲ್ಲವೂ ಒಂದೊಂದಾಗಿ ಮೇಲೆದ್ದವು. ಉಳಿಯ ಗೆರೆಯೊಂದೂ ಮುಕ್ಕಾಗಿರಲಿಲ್ಲ!

ಮಳೆಯಲ್ಲಿ ನೆನೆಯುತ್ತ ಬಂದ ಅಮ್ಮನವರು, “ಈಗ ಹಾಕು ಆಣೆ,” ಎಂದರು.

ಮೌನೇಶಪ್ಪ ಗೊಳೋ ಎಂದು ಅತ್ತು ದುರ್ಗಯ್ಯನ ಕಾಲು ಹಿಡಿದನು.

ನೂಲಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿ ದೋಣಿ ಇಳಿಸುವಾಗ, ಒಮ್ಮೆ ಆಣೆಯ ಮಾತು ಬಿದ್ದಿದ್ದರಿಂದ ದುರ್ಗಯ್ಯನ ದೋಣಿ ಹತ್ತಲು ಆಳುಗಳು ಇನ್ನೂ ಹಿಂದೆಮುಂದೆ ನೋಡುತ್ತಿದ್ದರು. ಆಗ ಈಜು ಬಾರದ, ಅಲೆಗೆ ಹೆದರುವ ಆ ಕಲ್ಲುಕುಟಿಗ ಎಲ್ಲರಿಗಿಂತ ಮೊದಲು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ದೋಣಿ ಹತ್ತಿ ಕುಳಿತನು.