ಕಣಿವೆಯಾಚೆಯ ದಾರಿ

ಒಂದು ಮುಂಜಾನೆ ನಿರ್ವಾಣಯ್ಯನೆಂಬ ಶಿಷ್ಯ ಗುರುಗಳ ಮುಂದೆ ಕುಳಿತು ಕೇಳಿದ:

"ಗುರುಗಳೇ, ನಾನೂ ನಮ್ಮಣ್ಣನೂ ಮಾತು ಬಿಟ್ಟು ಮೂರು ವರ್ಷವಾಯಿತು. ಹೋದ ತಿಂಗಳು ನಾನೇ ಸೋತು, ಬಂದು ಹೋಗು ಎಂದು ಹೇಳಿಕಳುಹಿಸಿದೆ. ಅವನು ಬರಲಿಲ್ಲ. ನನ್ನ ಪಾಲಿನ ಅರ್ಧ ದಾರಿ ನಾನು ನಡೆದಾಯಿತು. ಇನ್ನರ್ಧ ಅವನು ಬರಲಿ ಎಂದು ಕಾಯುವುದು ನ್ಯಾಯವಲ್ಲವೇ?"

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಈ ಕತೆ ಹೇಳಿದರು.

ಒಂದು ದೊಡ್ಡ ಬೆಟ್ಟಸಾಲು. ಅದರ ಈಚೆಗೊಂದು ಊರು, ಆಚೆಗೊಂದು ಊರು. ಈಚೆಯ ಊರಿಗೆ ಅಕ್ಕ ಈರವ್ವನನ್ನು ಕೊಟ್ಟಿದ್ದರು, ಆಚೆಯ ಊರಿಗೆ ತಂಗಿ ಸಾಕವ್ವನನ್ನು. ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಹಾಗಾಗಿ ಅಕ್ಕತಂಗಿಯರು ಒಂದು ಮಾತು ಮಾಡಿಕೊಂಡರು. ಪ್ರತಿ ಬೇಸಿಗೆ ದವನದ ಹುಣ್ಣಿಮೆಯ ದಿನ, ಬೆಟ್ಟದ ಮೇಲೆ ಎರಡು ಶಿಖರಗಳ ನಡುವೆ ದಾರಿ ಆಚೆಗೆ ದಾಟುವ ಕಣಿವೆಯಲ್ಲಿ ಇಬ್ಬರೂ ಸೇರುವುದು. ಆ ರಾತ್ರಿ ಅಲ್ಲೇ ಮಲಗಿ, ಬೆಳಗ್ಗೆ ಅವರವರ ಊರಿಗೆ ಇಳಿಯುವುದು. "ಕಣಿವೆ ಅಂದರೆ ಇಬ್ಬರಿಗೂ ಅರ್ಧ ದಾರಿ," ಎಂದಿದ್ದಳು ಈರವ್ವ. ಸಾಕವ್ವ ಹೂಂಗುಟ್ಟಿದ್ದಳು.

ಹನ್ನೊಂದು ಬೇಸಿಗೆ ಹೀಗೇ ನಡೆಯಿತು. ಈರವ್ವ ಮಧ್ಯಾಹ್ನದ ಊಟ ಮುಗಿಸಿ ಹೊರಟರೆ ಹೊತ್ತು ಮುಳುಗುವಾಗ ಕಣಿವೆ ಮುಟ್ಟುತ್ತಿದ್ದಳು. ಅಷ್ಟರಲ್ಲಿ ಸಾಕವ್ವ ಬಂದು ಕುಳಿತಿರುತ್ತಿದ್ದಳು.

ಹನ್ನೊಂದನೆಯ ಸಲ ಬೀಳ್ಕೊಳ್ಳುವಾಗ ಸಾಕವ್ವ ಅಂದಳು: "ಅಕ್ಕಾ, ಬರುವ ವರ್ಷ ನಮ್ಮೂರಿಗೇ ಬಾ. ನನ್ನ ಮನೆ ಹೇಗಿದೆ ಎಂದು ನೀನು ಒಮ್ಮೆಯೂ ನೋಡಿಲ್ಲ."

"ಮನೆ, ದನಕರು ಎಲ್ಲ ಬಿಟ್ಟು ಇಲ್ಲಿಗೆ ಬರುವುದೇ ಸಾಕುಬೇಕಾಗುತ್ತದೆ," ಎಂದಳು ಈರವ್ವ. "ನನ್ನ ಪಾಲಿನ ದಾರಿ ಇಲ್ಲಿಗೆ ಮುಗಿಯಿತು ಕಣೇ."

ಸಾಕವ್ವ ಗಂಟು ಎತ್ತಿಕೊಂಡು ಇಳಿದು ಹೋದಳು. ಆ ಸಲ ತಿರುಗಿ ನೋಡಲಿಲ್ಲ.

ಮರುವರ್ಷ ಈರವ್ವ ರೊಟ್ಟಿ, ಹುರಿದ ಶೇಂಗಾ, ಬೆಲ್ಲ, ಒಂದು ಕಂಬಳಿ ಕಟ್ಟಿಕೊಂಡು ಹೊರಟಳು. ತಂಗಿಗೆಂದು ಒಂದು ಕುಪ್ಪಸದ ಕಣವನ್ನೂ ಇಟ್ಟುಕೊಂಡಳು. ಕಣಿವೆ ತಲುಪಿದಾಗ ಅಲ್ಲಿ ಯಾರೂ ಇರಲಿಲ್ಲ. ಗಾಳಿ ಮಾತ್ರ ಆಚೆಯಿಂದ ಈಚೆಗೆ ದಾಟುತ್ತಿತ್ತು. ಕತ್ತಲಾಯಿತು. ಚಂದ್ರ ಬಂದ. ಈರವ್ವ ರೊಟ್ಟಿ ಬಿಚ್ಚಲಿಲ್ಲ. ಕಂಬಳಿ ಹಾಸಿ, ಅದರ ಅರ್ಧ ಬಿಟ್ಟು ಮಲಗಿದಳು.

ನಡುವೆ ಯಾವಾಗಲೋ ಸಾಕವ್ವ ಬಂದು ಪಕ್ಕದಲ್ಲಿ ಮಲಗಿದಂತಾಯಿತು. ತಣ್ಣನೆಯ ಪಾದಗಳನ್ನು ಅಕ್ಕನ ಕಾಲಿಗೆ ತಾಗಿಸಿದಳು. ಚಿಕ್ಕವಳಾಗಿದ್ದಾಗಲೂ ಹಾಗೇ ಮಾಡುತ್ತಿದ್ದಳು. ಇಬ್ಬರೂ ತುಂಬ ಹೊತ್ತು ಮಾತಾಡಿದರು. ಏನು ಮಾತಾಡಿದೆವೆಂದು ಆಮೇಲೆ ನೆನಪಾಗಲಿಲ್ಲ. "ಅಂತೂ ಬಂದೆಯಲ್ಲೇ," ಎಂದಳು ಈರವ್ವ. "ನಾನೆಲ್ಲಿ ಬಂದೆ ಅಕ್ಕಾ?" ಎಂದು ತಂಗಿ ನಕ್ಕಳು.

ಎಚ್ಚರವಾದಾಗ ಬೆಳ್ಳಗೆ ಬೆಳಗಾಗಿತ್ತು. ಕಂಬಳಿಯ ಅರ್ಧ ಖಾಲಿ ಇತ್ತು. ಎರಡೂ ಕಡೆ ಬೆಟ್ಟದ ಕೆಳಗೆ ಮಂಜು ಹಾಲಿನಂತೆ ನಿಂತಿತ್ತು. ಯಾವ ಕಡೆ ತನ್ನ ಊರು, ಯಾವ ಕಡೆ ತಂಗಿಯದು ಎಂದು ಒಂದು ಗಳಿಗೆ ತಿಳಿಯಲಿಲ್ಲ. ತಂಗಿಗೆ ಕೋಪ ಬಂದಿರಬೇಕು ಎಂದುಕೊಂಡಳು. ಕರೆದಾಗ ಒಲ್ಲೆನೆಂದು ಈಗ ಹೋಗಿ, ಅವಳು ಮುಖ ತಿರುಗಿಸಿದರೆ? ಹಿರಿಯವಳು ನಾನು. ಹೀಗೆ ಯೋಚಿಸುತ್ತಲೇ ಗಂಟು ಕಟ್ಟಿದಳು. ಕಾಲು ಆಚೆಗೆ ಇಳಿಯತೊಡಗಿದ್ದವು. ಕನಸು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ.

ನೆತ್ತಿಯ ಮೇಲೆ ಬಿಸಿಲು ಬರುವುದರೊಳಗೆ ಊರು ಸಿಗುತ್ತದೆ ಎಂದು ಅವಳ ಎಣಿಕೆ. ನೆತ್ತಿಯ ಬಿಸಿಲು ಬಂತು, ಊರು ಬರಲಿಲ್ಲ. ದಾರಿ ಒಂದು ಹಳ್ಳಕ್ಕೆ ಇಳಿಯಿತು, ಇನ್ನೊಂದು ಬೆಟ್ಟ ಹತ್ತಿತು. ಅದರ ಹಿಂದೆ ಮತ್ತೊಂದು ಬೆಟ್ಟ ಕಂಡಿತು. ಬಂಡೆಯ ನೆರಳಿನಲ್ಲಿ ಒಬ್ಬ ಕುರಿಗಾಹಿ ಕುಳಿತಿದ್ದ.

"ಊರು ಇನ್ನೆಷ್ಟು ದೂರ ಅಪ್ಪಾ?" ಎಂದು ಕೇಳಿದಳು.

"ಬೇಗ ಬೇಗ ನಡೆದರೆ ನಾಳೆ ಸಂಜೆಗೆ ಮುಟ್ಟಬಹುದು ತಾಯಿ," ಎಂದ ಅವನು. "ಬೇಸಿಗೆ ಬಂದರೆ ಆ ಊರಿನ ಒಬ್ಬ ಹೆಣ್ಣುಮಗಳು ಈ ದಾರಿ ಹತ್ತಿ ಬರುತ್ತಿದ್ದಳು. ಹೋಗುವಾಗ ಎರಡು ದಿನ, ಬರುವಾಗ ಎರಡು ದಿನ. ಹೋದ ವರ್ಷ ಕುಂಟುತ್ತಿದ್ದಳು. ಈ ಸಲ ಕಾಣಲಿಲ್ಲ."

ಈರವ್ವ ಅಲ್ಲೇ ಕಲ್ಲಿನ ಮೇಲೆ ಕುಳಿತಳು. ಹನ್ನೊಂದು ಬೇಸಿಗೆಯ ಸಾಕವ್ವನನ್ನು ಒಂದೊಂದಾಗಿ ನೆನೆದಳು. ದಣಿದೆ ಎಂದು ಅವಳು ಒಮ್ಮೆಯೂ ಹೇಳಿದ್ದಿಲ್ಲ. ನೀರು ಕುಡಿದು ಎದ್ದಳು. ಆ ರಾತ್ರಿಯನ್ನು ಕುರಿಹಟ್ಟಿಯ ಬಳಿ ಕಳೆದು, ಮಾರನೆಯ ದಿನವೆಲ್ಲ ನಡೆದು, ದೀಪ ಹಚ್ಚುವ ಹೊತ್ತಿಗೆ ತಂಗಿಯ ಮನೆಯ ಮುಂದೆ ನಿಂತಳು. ಪಾದ ಬಾತಿದ್ದವು.

ಸಾಕವ್ವ ಕೋಲೂರಿಕೊಂಡು ಹೊರಗೆ ಬಂದಳು. ಒಂದು ಮೊಣಕಾಲಿಗೆ ಬಟ್ಟೆ ಸುತ್ತಿ ಬಿಗಿದಿತ್ತು. ಅಕ್ಕನನ್ನು ಕಂಡು ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಕಾಲು ಹೀಗಾಗಿದೆ ಎಂದು ಹೋದ ವರ್ಷವೇ ಹೇಳಬಾರದಿತ್ತೇನೇ?" ಎಂದಳು ಈರವ್ವ.

"ಹೇಳಿದ್ದರೆ ನೀನು ಅಯ್ಯೋ ಪಾಪ ಎಂದು ಬರುತ್ತಿದ್ದೆ ಅಕ್ಕಾ," ಎಂದಳು ಸಾಕವ್ವ. "ನನ್ನನ್ನು ನೋಡಬೇಕೆನಿಸಿ ನೀನು ಬರಬೇಕೆಂದಿತ್ತು."

ಈರವ್ವ ತಂಗಿಯ ತೋಳು ಹಿಡಿದು ಅಲ್ಲೇ ಮೆಟ್ಟಿಲ ಮೇಲೆ ಕೂರಿಸಿ, ತಾನೂ ಕುಳಿತಳು. ಒಳಗೆ ಒಲೆಯ ಮೇಲಿಟ್ಟ ಅನ್ನ ಸೀದು ಹೋಯಿತು. ಇಬ್ಬರೂ ಏಳಲಿಲ್ಲ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ನಿರ್ವಾಣಯ್ಯ ಇನ್ನೂ ಏನೋ ಇರಬಹುದೆಂದು ಕಾದ. ಆಮೇಲೆ ಗುರುಗಳು ಕೇಳಿದರು:

"ನಿಮ್ಮಣ್ಣ ಇರುವಲ್ಲಿಂದ ಇಲ್ಲಿಗೆ ಎಷ್ಟು ದೂರ, ನಿರ್ವಾಣಯ್ಯಾ?"