ಕೆಂಪು ಮೈಕಿನ ಕಳ್ಳ

“ಕೇಳಿರಿ ಕೆಂದೂರಿನ ಪ್ರಜೆಗಳೇ! ಅರಸರ ಲಿನಕ್ಸ್ ಕಂಪ್ಯೂಟರಿನ ಪರದೆಯ ಮೇಲೆ ಕೆಂಪು ಮೈಕಿನ ಗುರುತು ಆಗಾಗ ಹೊತ್ತುತ್ತಿದೆ. ಯಾರೋ ಅರಮನೆಯ ಮಾತನ್ನು ಕದ್ದು ಧ್ವನಿಮುದ್ರಿಸುತ್ತಿದ್ದಾರೆ. ಮೂರು ಒಗಟು ಬಿಡಿಸಿ ಕಳ್ಳನನ್ನು ತೋರಿಸಿದವರಿಗೆ ಕೇಳಿದ್ದು ಸಿಗುವುದು. ತಪ್ಪಿದವರಿಗೆ ತಲೆದಂಡ!”

ಡಂಗುರ ಕೇಳಿ ಮೈಕ್‌ಸೆಟ್ಟಿನ ಜವರ ಕೆಲಸ ಅರ್ಧಕ್ಕೇ ಬಿಟ್ಟ. ಅರಮನೆಯ ಕಸ ಗುಡಿಸುವ ಅವನ ಅಕ್ಕ ದೊಡ್ಡತಾಯಿ ಆಗಲೇ ಸೆರೆಯಲ್ಲಿದ್ದಳು. ಅವಳು ಪೊರಕೆ ಹಿಡಿದು ಬಂದಾಗಲೆಲ್ಲ ಗುರುತು ಹೊತ್ತುತ್ತಿತ್ತಂತೆ. ಬೇರೆ ಕಳ್ಳ ಸಿಗದಿದ್ದರೆ ಶುಕ್ರವಾರ ಅವಳಿಗೇ ಗಲ್ಲು. ಹೆಗಲ ಮೇಲಿನ ವೈರಿನ ಸುರುಳಿಯನ್ನೂ ಇಳಿಸದೆ ಜವರ ಅರಮನೆಗೆ ನಡೆದ.

ಅವನಿಗಿಂತ ಮೊದಲು ಇಬ್ಬರು ಘನಪಂಡಿತರು ಬಂದಿದ್ದರು. ಒಬ್ಬರು ವೈರಸ್ಸೆಂದು ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಅಳಿಸಿ ಹೊಸದಾಗಿ ತುಂಬಿದರು. ಇನ್ನೊಬ್ಬರು ಪಕ್ಕದ ರಾಜ್ಯದ ಕೈವಾಡವೆಂದು ಇಂಟರ್ನೆಟ್ ತಂತಿಯನ್ನೇ ಕಿತ್ತರು. ಅರಸರು ಪರೀಕ್ಷೆಗೆ ಕುಳಿತರೆ ಎರಡು ಸಲವೂ ಅದೇ ಕೆಂಪು! ಭಟರು ಇಬ್ಬರನ್ನೂ ಎಳೆದೊಯ್ದರು.

“ನಿನಗೇನಯ್ಯಾ ಗೊತ್ತು?” ಎಂದರು ಅರಸರು.

“ಮದ್ವೆ ಮನೇಲಿ ಮೈಕು ಕುಯ್ಯೋ ಅಂದ್ರೆ ನಿಲ್ಸೋದು ಗೊತ್ತು ಬುದ್ಧಿ.”

ಸಭೆ ಗೊಳ್ಳೆಂದು ನಕ್ಕಿತು. ಅರಸರು ನಗಲಿಲ್ಲ. ಕಳ್ಳನ ಬಗ್ಗೆ ತಾವು ಕಂಡಷ್ಟನ್ನೇ ಒಗಟು ಮಾಡಿ ಕೇಳಿದರು. “ಮೊದಲನೆಯದು: ಎಲ್ಲವನ್ನೂ ಕೇಳಿಸಿಕೊಂಡು ಒಂದಕ್ಷರವನ್ನೂ ಇಟ್ಟುಕೊಳ್ಳದವನು ಯಾರು? ಎರಡನೆಯದು: ಒಮ್ಮೆ ಬಂದು ಒಮ್ಮೆ ಬಾರದ ಅವನು ಬರುವ ಹೊತ್ತು ಯಾವುದು? ಮೂರನೆಯದು: ಹುಡುಕಿದವರಿಗಷ್ಟೇ ಕಾಣಿಸಿ, ಬಿಟ್ಟವರಿಗೆ ಮಾಯವಾಗುವ ಕಳ್ಳ ಯಾರು?”

ಮೈಕಿನವರದು ಒಂದು ಪದ್ಧತಿ. ಕೆಟ್ಟಾಗ ಯಾರನ್ನೂ ಬಯ್ಯುವುದಿಲ್ಲ, ಆಗ ಯಾರು ಏನು ಮಾಡುತ್ತಿದ್ದರೋ ಅದನ್ನೇ ಮತ್ತೆ ಮಾಡಿಸಿ ನೋಡುತ್ತಾರೆ. ಜವರ ಕೈಮುಗಿದ. “ಬುದ್ಧಿ, ದಿನಾ ಮಾಡೋ ಹಂಗೆ ಕೂತ್ಕಳಿ. ಒಬ್ರು ಪೊರಕೆ ಹಿಡ್ದು ಒಳಕ್ ಬರ್ಲಿ.”

ಭಟನೊಬ್ಬ ಪೊರಕೆ ಹಿಡಿದು ಬಂದ. ಅವನನ್ನು ಕಂಡದ್ದೇ ತಡ, ಅರಸರ ಕೈ ತಾನಾಗಿ ಮೌಸಿಗೆ ಹೋಗಿ, ಮೈಕು ಕೇಳುತ್ತಿದೆಯೇ ಎಂದು ನೋಡುವ ಧ್ವನಿ ನಿಯಂತ್ರಣದ ಕಿಟಕಿಯನ್ನು ತೆರೆಯಿತು. ಅದರಲ್ಲೊಂದು ಪಟ್ಟಿ ದನಿಗೆ ತಕ್ಕಂತೆ ಕುಣಿಯಿತು. ಮೇಲೆ ಕೆಂಪು ಗುರುತು ಹೊತ್ತಿತು.

“ಮುಚ್ಚಿ ಬುದ್ಧಿ.”

ಮುಚ್ಚಿದರು. ಗುರುತು ಆರಿತು. ಮತ್ತೆ ತೆರೆದರು, ಮತ್ತೆ ಹೊತ್ತಿತು.

ಜವರನಿಗೆ ಕಳ್ಳ ಸಿಕ್ಕಿದ್ದ. ಹೇಳಿದರೆ ತಲೆ ಹೋದೀತು, ಹೇಳದಿದ್ದರೆ ಅಕ್ಕ ಹೋಗುತ್ತಾಳೆ. ಹೇಳಿಯೇಬಿಟ್ಟ.

“ಆ ಕಿಟಕೀಲಿ ಕುಣಿಯೋ ಪಟ್ಟಿ ನಮ್ ಮೈಕ್‌ಸೆಟ್ಟಿನ ಮೀಟರ್ ಮುಳ್ಳಿದ್ದಂಗೆ. ದನಿ ಅಳೀತದೆ, ಇಟ್ಕಳಾಕಿಲ್ಲ. ಅಳೀಬೇಕಾದ್ರೆ ಅದು ಮೈಕು ತೆರೀಲೇಬೇಕು. ತೆರೆದೋರು ಯಾರೇ ಆಗ್ಲಿ, ಲಿನಕ್ಸು ಕೆಂಪು ತೋರಿಸ್ತದೆ. ಅದು ಬರೋ ಹೊತ್ತು, ತಮಗೆ ಅನುಮಾನ ಬಂದ ಹೊತ್ತು. ಹುಡುಕಾಕೆ ತೆರೆದ್ರೆ ಬಂದು, ಮುಚ್ಚಿದ್ರೆ ಹೋಗೋ ಕಳ್ಳ... ತಾವೇ ಬುದ್ಧಿ.”

ಅರಸರು ಕಿಟಕಿಯನ್ನು ಇನ್ನೆರಡು ಸಲ ತೆರೆದು ಮುಚ್ಚಿದರು. ಆಮೇಲೆ ಎದ್ದು ನಿಂತರು. ಅವರು ಎದ್ದಮೇಲೆ ನಕ್ಕವರೆಲ್ಲ ಏಳಲೇಬೇಕಾಯಿತು.

“ಏನು ಬೇಕು, ಕೇಳು.”

“ನಮ್ಮಕ್ಕನ್ ಬಿಡಿ. ಆ ಪಂಡಿತರನ್ನೂ ಬಿಡಿ, ಪಾಪ.”

ಅರಸರು ಅವನಿಗೆ ಅರಮನೆಯ ಯಂತ್ರಗಳ ಅಧಿಕಾರವನ್ನೂ ಕೊಟ್ಟು, ತಾವೇ ಹೋಗಿ ಸೆರೆಯ ಬೀಗ ತೆಗೆದರು. ದೊಡ್ಡತಾಯಿ ಹೊರಗೆ ಬಂದು, ಅರಸರ ಪಕ್ಕದಲ್ಲಿ ವೈರು ಹೊತ್ತು ನಿಂತವನನ್ನು ಕಂಡಳು. ಬಾಗಿಲ ಭಟ ಪಿಸುಮಾತಿನಲ್ಲಿ ಕೇಳಿದ, “ಯಾರಮ್ಮ ಈ ದೊಡ್ಡ ಮನುಷ್ಯರು?”

ಅವಳು ಮಾತ್ರ ಪಿಸುಗುಟ್ಟಲಿಲ್ಲ. ಇಡೀ ಸೆರೆಮನೆಗೆ ಕೇಳುವಂತೆ ಹೇಳಿದಳು: “ನನ್ ತಮ್ಮ!”